ಬಸ್ಸಿಗಿಂತ ಮೊದಲು ಮಂಗಳೂರು ತಲುಪುವ ಗೆರೆ

ಮಕ್ಕಳೇ, ಈ ವಾರದ ಪುಟವನ್ನು ಅಜ್ಜ ಅಜ್ಜಿಯ ಪಕ್ಕ ಕೂತು ಗಟ್ಟಿಯಾಗಿ ಓದಿ.

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಎದೆ ನೋವೆಂದರೆ ಮೊದಲು ಬರುವ ಮಾತು, "ಗ್ಯಾಸ್ ಇರಬೇಕು." ಜೀರಿಗೆ ಕಷಾಯ ಕುಡಿದು ಮಲಗುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕೆಲವೊಮ್ಮೆ ಅದು ಗ್ಯಾಸೇ. ಹೃದಯಾಘಾತವಾಗಿದ್ದರೆ? ಹೃದಯಕ್ಕೇ ರಕ್ತ ಕೊಡುವ ನಾಳ ಹೆಪ್ಪುಗಟ್ಟಿ ಮುಚ್ಚಿರುತ್ತದೆ. ನೀರಿನ ಪೈಪು ಕಟ್ಟಿದರೆ ಅಡಿಕೆ ಮರ ನಾಲ್ಕು ದಿನ ತಡೆದೀತು. ಹೃದಯ ಅಷ್ಟು ತಡೆಯದು, ಗಂಟೆ ಗಂಟೆಗೂ ಅದರ ಮಾಂಸಖಂಡ ಸಾಯುತ್ತದೆ.

ಇದನ್ನು ಬೇಗ ಪತ್ತೆಹಚ್ಚುವುದು ಇಸಿಜಿ. ಹೃದಯ ಬಡಿಯುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಅದು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಸೂಜಿಯಿಲ್ಲ, ನೋವಿಲ್ಲ.

ಈ ಗೆರೆಯನ್ನು ಸ್ಪಷ್ಟವಾಗಿ ಬರೆಸಿದವರು ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಿನ ವೈದ್ಯ ವಿಜ್ಞಾನಿ ವಿಲ್ಲೆಮ್ ಐಂಥೋವನ್. ಅವರ ಯಂತ್ರದ ತೂಕ ಸುಮಾರು 270 ಕಿಲೋ! ನಡೆಸಲು ಐದು ಜನ ಬೇಕು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪು ನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವುದು ಆಗದ ಮಾತು. ಹಾಗಾಗಿ 1905ರಲ್ಲಿ ಅವರು ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯಲ್ಲಿ 1.5 ಕಿ.ಮೀ. ದೂರದ ಪ್ರಯೋಗಾಲಯಕ್ಕೆ ತರಿಸಿಕೊಂಡರು. 1924ರಲ್ಲಿ ನೊಬೆಲ್ ಬಂತು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಸುಳ್ಯದಿಂದ ಮಂಗಳೂರಿಗೆ 80 ಕಿ.ಮೀ.ಗೂ ಹೆಚ್ಚು. ಮಳೆಗಾಲದ ರಾತ್ರಿ ಆ ದಾರಿ ಎಷ್ಟು ಉದ್ದವೆಂದು ಅಜ್ಜನನ್ನು ಕೇಳಿ. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರಿಗೆ ಹೊಳೆದದ್ದು ಐಂಥೋವನ್ನರ ದಾರಿಯೇ: ರೋಗಿಗಿಂತ ಮೊದಲು ಗೆರೆ ಬರಲಿ. ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು, ವೈದ್ಯರ ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು. ಹಳ್ಳಿಯ ವೈದ್ಯರು ಗೆರೆಯ ಫೋಟೋ ಕಳಿಸುತ್ತಾರೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬೇಕೇ, ಕೂಡಲೇ ಮಂಗಳೂರಿಗೆ ಕಳಿಸಬೇಕೇ ಎಂದು ತಜ್ಞರು ಅಲ್ಲಿಂದಲೇ ಹೇಳುತ್ತಾರೆ.

ಇಷ್ಟೆಲ್ಲ ನಡೆಯಬೇಕಾದರೆ ರೋಗಿ ಮನೆಯಿಂದ ಹೊರಡಬೇಕಲ್ಲ! ಆ ಕೆಲಸ ನಿಮ್ಮದು. ಅಜ್ಜನಿಗೆ ಎದೆ ಬಿಗಿತ, ತಣ್ಣನೆ ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಬಂದರೆ 108ಕ್ಕೆ ಫೋನ್ ಮಾಡಿಸಿ. ಸ್ಕೂಟರ್ ಬಿಡಲು, ಗುಡ್ಡ ಹತ್ತಲು ಬಿಡಬೇಡಿ. ಅಜ್ಜಿಯಂದಿರಿಗೆ, ಸಕ್ಕರೆ ಕಾಯಿಲೆಯವರಿಗೆ ಎದೆ ನೋವೇ ಬಾರದೆ ಬರೀ ಸುಸ್ತು, ಉಬ್ಬಸ, ವಾಂತಿಯಾಗುವುದೂ ಉಂಟು.

"ಗ್ಯಾಸ್" ಎಂದು ಅಜ್ಜ ಹಟ ಹಿಡಿದರೆ ಹೇಳಿ: "ಇರಲಿ ಅಜ್ಜ, ಗೆರೆ ಬರೆಸಿ ಬರುವ. ಕಷಾಯ ಆಮೇಲೆ ಕುಡಿಯುವಿರಂತೆ."