ಕಂಡಂತೆ ಬರೆಯುವ ಲಿಪಿಕಾರ

ಎಕ್ಸೆಲ್ ಹಾಳೆಯಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಬೇಸತ್ತವರಿಗೆ ಮ್ಯಾಕ್ರೋ ವರವೇ ಸರಿ. 1993ರಲ್ಲಿ ಎಕ್ಸೆಲ್‌ಗೆ ವಿಷುಯಲ್ ಬೇಸಿಕ್ ಭಾಷೆ ಬಂದಿತು. ಅದನ್ನು ಕಲಿಯಹೊರಟವರು ಬಹುಮಟ್ಟಿಗೆ ರೆಕಾರ್ಡರಿನಿಂದಲೇ ತೊಡಗುತ್ತಾರೆ, ತೊಡಗಲಿ. ಆದರೆ ಅದು ಬರಿಯ ಲಿಪಿಕಾರ. ಕಂಡಂತೆ ಬರೆದಿದ್ದೇನೆ, ದೋಷ ನನ್ನದಲ್ಲವೆಂದು ತಾಳೆಗರಿಯ ಕೊನೆಯಲ್ಲಿ ಕೈಮುಗಿಯುತ್ತಿದ್ದವರ ವಂಶದ್ದು. ಈ ವರ್ಷದ 40 ವಿದ್ಯಾರ್ಥಿಗಳ ಅಂಕಗಳನ್ನು ಕೂಡುವಾಗ ದಾಖಲಾದ ಮ್ಯಾಕ್ರೋ, ಮುಂದಿನ ವರ್ಷ ತರಗತಿಯಲ್ಲಿ 43 ಮಂದಿಯಿದ್ದರೂ, ತಲೆಬರಹ ಸೇರಿ 41ನೆಯ ಸಾಲಿಗೇ ನಿಂತುಬಿಡಬಹುದು. ಉಳಿದ ಮೂವರ ಗತಿಯೇನು? ತಪ್ಪಾಯಿತೆಂಬ ಎಚ್ಚರಿಕೆಯೂ ಬಾರದು. ಮ್ಯಾಕ್ರೋ ಮಾಡಿದ್ದನ್ನು ಸಾಮಾನ್ಯವಾಗಿ ‘ಅನ್‌ಡೂ’ ಒತ್ತಿ ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಮೊದಲೇ ಒಂದು ಪ್ರತಿ ತೆಗೆದಿಟ್ಟವರು ಬದುಕಿಕೊಂಡಾರು.

ಆದುದರಿಂದ ದಾಖಲಿಸಿದ್ದನ್ನು ಓಡಿಸುವ ಮುನ್ನ ಓದಬೇಕೆಂಬುದು ನನ್ನ ಮತ. ಆಲ್ಟ್ ಮತ್ತು ಎಫ್ 11 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರವಣಿಗೆ ತೆರೆದುಕೊಳ್ಳುತ್ತದೆ. ಆಮೇಲೆ ಎಫ್ 8 ಒತ್ತುತ್ತ ಹೋದರೆ ಒಂದೊಂದೇ ಸಾಲು ನಡೆಯುತ್ತದೆ. ಹೆಜ್ಜೆ ಹೆಜ್ಜೆಗೂ ‘ಸೆಲೆಕ್ಟ್’ ಎಂದಿರುವುದನ್ನು ಕಂಡರೆ ನಗೆಯೂ ಬಂದೀತು. ಹೀಗೆ ಓದುತ್ತ, ಕೊನೆಯ ಸಾಲು ಯಾವುದೆಂದು ಹಾಳೆಯನ್ನೇ ಕೇಳುವ ಒಂದು ಆಜ್ಞೆಯನ್ನು ಸ್ವತಃ ಬರೆಯಬಲ್ಲವನಾದರೆ, ಆ ಮೂವರ ಅಂಕಗಳೂ ಲೆಕ್ಕಕ್ಕೆ ಸೇರುತ್ತವೆ.