ತಲೆಯಲ್ಲಿ ರಕ್ತಸ್ರಾವ, ಕಾಲಿನಲ್ಲಿ ಹೆಪ್ಪು

ಮಿದುಳಿನ ಅನ್ಯೂರಿಸಂ, ಅಂದರೆ ರಕ್ತನಾಳದ ಉಬ್ಬು, ಒಡೆದು ಐಸಿಯು ಸೇರಿದ ರೋಗಿಗೆ ಎರಡು ಕಡೆಯಿಂದ ಅಪಾಯ. ತಲೆಯೊಳಗೆ ಮತ್ತೆ ರಕ್ತ ಸುರಿಯಬಹುದು. ಅಲುಗಾಡದೆ ಮಲಗಿದವರ ಕಾಲಿನಲ್ಲಿ ಅದೇ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ನುಗ್ಗಬಹುದು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಮುಳುವಾದೀತು.

ಹಾಗಾಗಿ ಇಲ್ಲಿ ಔಷಧಕ್ಕಿಂತ ಹೊತ್ತುಗೊತ್ತು ಮುಖ್ಯ. ಉಬ್ಬನ್ನು ಕ್ಲಿಪ್ ಹಾಕಿಯೋ ಕಾಯಿಲ್ ತುಂಬಿಯೋ ಮುಚ್ಚುವವರೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಸಾಮಾನ್ಯವಾಗಿ ದೂರ. ಅಲ್ಲಿಯವರೆಗೆ ಕಾಲಿಗೆ ಸುತ್ತಿದ ಪಟ್ಟಿ ಗಾಳಿ ತುಂಬಿಕೊಂಡು ಮೀನಖಂಡವನ್ನು ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಉಬ್ಬು ಮುಚ್ಚಿದ ಮೇಲೆ, ಹೊಸ ರಕ್ತಸ್ರಾವ ಇಲ್ಲದಿದ್ದರೆ, ಸಾಮಾನ್ಯವಾಗಿ ಒಂದು ದಿನ ಕಳೆದು ಅಲ್ಪ ಪ್ರಮಾಣದ ಹೆಪರಿನ್ ಶುರು.

ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಬೇಗ ಕೊಟ್ಟರೆ ಸಾಲದೇ? ನೆದರ್ಲೆಂಡ್ಸ್‌ನ ‘ಅಲ್ಟ್ರಾ’ ಅಧ್ಯಯನ ಸುಮಾರು 950 ರೋಗಿಗಳಲ್ಲಿ ಇದನ್ನೇ ನೋಡಿತು. 2021ರಲ್ಲಿ ‘ಲ್ಯಾನ್ಸೆಟ್’ ಅಚ್ಚುಹಾಕಿದ ಫಲಿತಾಂಶ ನಿರಾಶೆಯದು: ಆರು ತಿಂಗಳ ಬಳಿಕ, ಮದ್ದು ಪಡೆದವರು ಪಡೆಯದವರಿಗಿಂತ ಹೆಚ್ಚು ಚೇತರಿಸಿಕೊಂಡಿರಲಿಲ್ಲ.

ಉಬ್ಬನ್ನು ಬೇಗ ಮುಚ್ಚುವುದೇ ಸರಿಯಾದ ದಾರಿ, ಸಾಧ್ಯವಾದರೆ 24 ಗಂಟೆಯೊಳಗೆ. ಕಾಲಿನ ಪಂಪ್ ಓಡುತ್ತಿದೆಯೇ, ಹೆಪರಿನ್ ಯಾವಾಗ ಎಂದು ಮನೆಯವರು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು.