ಪ್ಯಾನೆಲ್‌ಗೆ ತಕ್ಕ ಕಂಟ್ರೋಲರ್

ಸೋದರಿಯರೇ, ತಾರಸಿ ಮೇಲೆ ಇನ್ನೊಂದು ಸೋಲಾರ್ ಪ್ಯಾನೆಲ್ ಹಾಕಿಸುವ ಮುಂಚೆ, ಬ್ಯಾಟರಿ ಪಕ್ಕದ ಚಾರ್ಜ್ ಕಂಟ್ರೋಲರ್ ಅದನ್ನು ತಾಳುತ್ತದೆಯೇ ನೋಡಿ. ಪಾತ್ರೆ ಚಿಕ್ಕದಾದರೆ ಹಾಲು ಉಕ್ಕುತ್ತೆ ತಾನೆ?

ಲೆಕ್ಕ ಸುಲಭ. ಪ್ಯಾನೆಲ್‌ಗಳ ಒಟ್ಟು ವ್ಯಾಟನ್ನು ಬ್ಯಾಟರಿಯ ವೋಲ್ಟಿನಿಂದ ಭಾಗಿಸಿ. 150 ವ್ಯಾಟಿನ ಎರಡು ಪ್ಯಾನೆಲ್, 12 ವೋಲ್ಟಿನ ಬ್ಯಾಟರಿ ಎಂದರೆ 25 ಆಂಪಿಯರ್. ಅದರ ಕಾಲುಭಾಗ ಕೂಡಿಸಿದರೆ 31 ದಾಟಿತು. 30ರದ್ದು ಸಾಲದು, 40ರದ್ದೇ ತಗೊಳ್ಳಿ.

ಪ್ಯಾನೆಲ್ ಹಿಂದಿನ ಚೀಟಿಯಲ್ಲಿ ‘ವಿಓಸಿ’ ಎಂಬ ವೋಲ್ಟ್ ಇರುತ್ತದೆ. ಪ್ಯಾನೆಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದರೆ ಅದು ಕೂಡುತ್ತಾ ಹೋಗುತ್ತದೆ. ಚಳಿಗಾಲದ ಬೆಳಗ್ಗೆ ಇನ್ನಷ್ಟು ಏರುತ್ತದೆ. ಕಂಟ್ರೋಲರಿನ ಮಿತಿ ಮೀರಿತೋ, ಸುಟ್ಟೇ ಹೋದೀತು!

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಕೆಲಸದವರು ಬಂದಾಗ ಎದುರಿಗೇ ನಿಂತು ನೋಡಿ, ಮರೀಬೇಡಿ.